ಹೊಡೆದಿಲ್ಲ, ಬೈದಿಲ್ಲ; ಆದರೂ ಅದು ನಿರ್ಲಕ್ಷ್ಯವೇ?

ಪ್ರಶ್ನೆ: ನಾವು ಗಂಡ ಹೆಂಡ್ತಿ ಬೆಂಗಳೂರಿಗೆ ಕಟ್ಟಡ ಕೆಲಸಕ್ಕ ಹೋಗ್ತೀವ್ರಿ. ಹುಡುಗನ್ನ ಅತ್ತಿ ಹತ್ರ ಬಿಟ್ಟಿರ್ತೀವಿ. ಉಣ್ಣಾಕ ಉಡಾಕ ಕಡಿಮಿ ಮಾಡಿಲ್ಲ, ಒಂದಿನ ಕೈ ಎತ್ತಿಲ್ಲ. ಆದ್ರೂ ಸಾಲಿ ಟೀಚರು ‘ಮಗೂನ ನಿರ್ಲಕ್ಷ್ಯ ಮಾಡಾಕತ್ತೀರಿ’ ಅಂದ್ರು. ಹೊಡಿಲಾರದ ಬಡಿಲಾರದ ಅದು ಹ್ಯಾಂಗ್ ತಪ್ಪಾಗ್ತದ್ರಿ?
– ದೇವದುರ್ಗ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಸುಗ್ಗಿ ಮುಗಿದು ಜನ ಗುಳೆ ಹೊರಡುವ ಹೊತ್ತಿಗೆ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ಮೊದಲು ನಿಮ್ಮ ಎದೆಯ ಭಾರ ಇಳಿಸಿಬಿಡುತ್ತೇನೆ ತಂಗಿ. ಅಜ್ಜಿಯ ಮಡಿಲಲ್ಲಿ ಕೂಸು ಬಿಟ್ಟು ದುಡಿಯಲು ಹೋಗುವುದು ನಿರ್ಲಕ್ಷ್ಯವಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಮಗುವನ್ನು ಬೇಕೆಂದೇ ನಿರ್ಲಕ್ಷಿಸಿದವರಿಗೆ ಮೂರು ವರ್ಷದವರೆಗೆ ಜೈಲು ಎನ್ನುತ್ತದೆ, ನಿಜ. ಆದರೆ ಹೆತ್ತವರು ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ಪೂರ್ತಿ ತೊರೆದಿದ್ದರೂ ಅದನ್ನು ಬೇಕೆಂದು ಮಾಡಿದ್ದೆಂದು ಎಣಿಸಬಾರದು ಎಂಬ ಮಾತೂ ಅದೇ ಕಲಮಿನಲ್ಲಿದೆ. ನೀವಂತೂ ತೊರೆದವರಲ್ಲ.

ಹಾಗಾದರೆ ಟೀಚರು ಹೇಳಿದ್ದು ಸುಳ್ಳೇ? ಅದೂ ಅಲ್ಲ. ಅವರು ಹುಡುಗನಲ್ಲಿ ಏನನ್ನೋ ಕಂಡಿದ್ದಾರೆ. ಅದಕ್ಕೆ ಹೆಸರು ಕೊಡುವಾಗ ಅವಸರ ಮಾಡಿದ್ದಾರೆ, ಅಷ್ಟೆ.

ಹೊಡೆತ ಬಿದ್ದರೆ ಬರೆ ಏಳುತ್ತದೆ, ಓಣಿಯವರು ನೋಡುತ್ತಾರೆ, ಯಾರಾದರೂ ಬಂದು ಬಿಡಿಸುತ್ತಾರೆ. ನಿರ್ಲಕ್ಷ್ಯ ಹಾಗಲ್ಲ. ಅಲ್ಲಿ ಏನೂ ನಡೆದಿರುವುದಿಲ್ಲ. ನಡೆಯಬೇಕಾದದ್ದು ನಡೆಯದಿರುವುದೇ ಅಲ್ಲಿನ ಪೆಟ್ಟು. ಕೂಸು ‘ಆ’ ಅಂದರೆ ದೊಡ್ಡವರು ‘ಏನೋ’ ಅನ್ನಬೇಕು. ಅತ್ತರೆ ಎತ್ತಿಕೊಳ್ಳಬೇಕು, ಬೆರಳು ತೋರಿಸಿದ ಕಡೆ ತಿರುಗಿ ನೋಡಬೇಕು. ಇವು ಮುದ್ದಿನ ಮಾತಷ್ಟೇ ಅಲ್ಲ, ಎಳೆಯ ಮಿದುಳು ಬೆಳೆಯುವುದೇ ಇದರಿಂದ. 1970ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ ಒಂದು ಸಣ್ಣ ಪ್ರಯೋಗ ಮಾಡಿದರು. ಮಗುವಿನೊಂದಿಗೆ ಆಡುತ್ತಿದ್ದ ತಾಯಿ ಕೆಲವು ನಿಮಿಷ ಮುಖದಲ್ಲಿ ಏನೂ ತೋರಿಸದೆ ಸುಮ್ಮನೆ ಕೂರಬೇಕು. ಮಗು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಯಾವುದಕ್ಕೂ ಉತ್ತರ ಬರದಿದ್ದಾಗ ಮುಖ ತಿರುಗಿಸಿಕೊಂಡುಬಿಡುತ್ತದೆ. ತಾಯಿ ಎದುರಿಗೇ ಇದ್ದಾಳೆ, ನೆನಪಿಡಿ. ಅಂದರೆ ಊರಲ್ಲೇ ಇದ್ದು, ಮನೆಯಲ್ಲೇ ಇದ್ದು, ಕೈಯಲ್ಲಿ ಮೊಬೈಲ್ ಹಿಡಿದು ಮಗುವನ್ನು ನಿರ್ಲಕ್ಷಿಸಲು ಬರುತ್ತದೆ. ಬೆಂಗಳೂರಲ್ಲಿದ್ದೂ ನಿರ್ಲಕ್ಷಿಸದೆ ಇರಲು ಬರುತ್ತದೆ.

ಆ ಕೆಲವು ನಿಮಿಷ ವರ್ಷಗಟ್ಟಲೆ ಆದರೆ ಏನಾಗುತ್ತದೆಂದು ರೊಮೇನಿಯಾ ದೇಶದ ಅನಾಥಾಲಯಗಳು ತೋರಿಸಿಕೊಟ್ಟವು. 1989ರಲ್ಲಿ ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕುನ ಸರ್ಕಾರ ಬಿದ್ದಾಗ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಸಾಲುಸಾಲು ತೊಟ್ಟಿಲುಗಳಲ್ಲಿದ್ದರು. ಹೊತ್ತಿಗೆ ಹಾಲು, ಹೊತ್ತಿಗೆ ಬಟ್ಟೆ, ಆದರೆ ಅತ್ತರೆ ಬಂದು ಎತ್ತಿಕೊಳ್ಳುವವರಿಲ್ಲ. ಮುಂದೆ ಸಂಶೋಧಕರು ರಾಜಧಾನಿ ಬುಕಾರೆಸ್ಟ್‌ನ ಅನಾಥಾಲಯಗಳ 136 ಮಕ್ಕಳಲ್ಲಿ ಅರ್ಧ ಮಕ್ಕಳನ್ನು ಸಾಕು ಮನೆಗಳಿಗೆ ಕಳಿಸಿ, ಎಲ್ಲರನ್ನೂ ವರ್ಷಾನುಗಟ್ಟಲೆ ಗಮನಿಸಿದರು. ನಾಲ್ಕೂವರೆ ವರ್ಷದ ಹೊತ್ತಿಗೆ ಬುದ್ಧಿಮತ್ತೆಯ ಸರಾಸರಿ ಅಂಕ ಅನಾಥಾಲಯದ ಗುಂಪಿನಲ್ಲಿ 73, ಸಾಕು ಮನೆಗೆ ಹೋದವರಲ್ಲಿ 81. ಹುಟ್ಟಿದಾಗಿನಿಂದ ಸ್ವಂತ ಮನೆಯಲ್ಲೇ ಬೆಳೆದ ಮಕ್ಕಳಲ್ಲಿ 109. ಎರಡು ವರ್ಷ ತುಂಬುವ ಮೊದಲೇ ಸಾಕು ಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು. ಹೆತ್ತವಳೇ ಆಗಬೇಕೆಂದಿರಲಿಲ್ಲ, ‘ಇದು ನನ್ನ ಕೂಸು’ ಅನ್ನುವ ಒಬ್ಬರಿದ್ದರೆ ಸಾಕಿತ್ತು. ನಿಮ್ಮ ಅತ್ತೆಯವರ ಬೆಲೆ ಈಗ ತಿಳಿಯಿತಲ್ಲ?

ನನ್ನದೇ ಒಂದು ತಪ್ಪು ಹೇಳುತ್ತೇನೆ. ನಾನು ಮಾಸ್ತರನಾಗಿದ್ದಾಗ ಕೊನೆಯ ಸಾಲಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಅವ್ವ ಅಪ್ಪ ಪುಣೆಯಲ್ಲಿ, ಇವನು ಮುತ್ಯಾನ ಜೊತೆ. ಗಲಾಟೆ ಇಲ್ಲ, ತಕರಾರಿಲ್ಲ. ‘ಬಾಳ ಶಾಣ್ಯಾ ಹುಡುಗ’ ಅಂತ ನಾನೇ ಹೊಗಳುತ್ತಿದ್ದೆ. ಅವನಿಗೆ ಬೋರ್ಡ್ ಕಾಣುವುದಿಲ್ಲ, ಪಕ್ಕದವನ ಪಾಟಿ ನೋಡಿ ಬರೆಯುತ್ತಾನೆ ಅನ್ನುವುದು ನನಗೆ ಗೊತ್ತಾಗುವಷ್ಟರಲ್ಲಿ ದೀಪಾವಳಿ ದಾಟಿತ್ತು. ‘ಯಾಕ ಹೇಳಲಿಲ್ಲೋ’ ಅಂದೆ. ‘ಯಾರಿಗ್ ಹೇಳಬೇಕ್ರಿ’ ಅಂದ. ಎದುರು ಮಾತಾಡಿದ್ದಲ್ಲ, ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ. ಕೇಳಿದರೆ ಯಾರಾದರೂ ಕೊಡುತ್ತಾರೆ ಅನ್ನುವ ನಂಬಿಕೆಯೇ ಬತ್ತಿದ ಮಗು ಹೀಗೆ ಶಾಣ್ಯಾ ಆಗಿ ಕಾಣುತ್ತದೆ. ಕಿತಾಪತಿ ಮಾಡುವ ಹುಡುಗನಿಗೆ ಇನ್ನೂ ಆಸೆ ಇರುತ್ತದೆ, ಅವನನ್ನು ಕಂಡರೆ ನನಗೆ ಅಷ್ಟು ಭಯವಿಲ್ಲ.

ಇಷ್ಟು ಹೇಳಿ ತಪ್ಪನ್ನೆಲ್ಲ ನಿಮ್ಮ ತಲೆಗೆ ಕಟ್ಟಿದರೆ ಅನ್ಯಾಯವಾಗುತ್ತದೆ. ನೀವು ಯಾಕೆ ಬಸ್ಸು ಹತ್ತುತ್ತೀರಿ? 2002ರಲ್ಲಿ ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ನಿಮ್ಮ ದೇವದುರ್ಗ ಆ 39ರಲ್ಲಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದ್ದರೆ ರಾಯಚೂರು ಜಿಲ್ಲೆಯದು ಶೇ. 60 ಮುಟ್ಟಿರಲಿಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದು ಅದಾದ ಮೇಲೆ. ಯಾರೂ ಈ ಜಿಲ್ಲೆಗೆ ಬಂದು ಹೊಡೆಯಲಿಲ್ಲ. ಅರ್ಜಿಗೆ ಉತ್ತರ ಬರಲಿಲ್ಲ, ಕಾಲುವೆಯ ಕೊನೆಗೆ ನೀರು ಬರಲಿಲ್ಲ, ಖಾಲಿ ಹುದ್ದೆಗೆ ಮಾಸ್ತರರು ಬರಲಿಲ್ಲ. ಇಲ್ಲಿಯೂ ಬರೆ ಕಾಣುವುದಿಲ್ಲ. ಆ ಹುಡುಗನಂತೆಯೇ ಜನ ಕೇಳುವುದನ್ನು ಬಿಡುತ್ತಾರೆ. ಗ್ರಾಮಸಭೆಗೆ ಕರೆದರೆ ‘ಹೋಗಿ ಏನ್ ಮಾಡೂದೈತ್ರಿ’ ಅನ್ನುತ್ತಾರೆ. ಆಮೇಲೆ ಅಧಿಕಾರಿಗಳು ಬಂದು ಈ ಭಾಗದ ಜನರಿಗೆ ಆಸಕ್ತಿಯೇ ಇಲ್ಲ ಎಂದು ಭಾಷಣ ಮಾಡುತ್ತಾರೆ. ಎಷ್ಟು ಸಲ ಕೇಳಿದ್ದೇನೋ ಈ ಮಾತನ್ನು!

ಈಗ ನಿಮ್ಮ ಕೈಯಲ್ಲಿ ಆಗುವುದು. ಇದನ್ನು ಓದುವ ಬೇರೆಯವರ ಕೂಸಿಗೆ ಎರಡು ವರ್ಷ ತುಂಬಿಲ್ಲವಾದರೆ, ಸಾಧ್ಯವಿದ್ದಷ್ಟೂ ಹೆತ್ತವರಲ್ಲಿ ಒಬ್ಬರು ಜೊತೆಗಿರಲಿ. ನಿಮ್ಮವನು ಸಾಲಿಗೆ ಹೋಗುವ ಹುಡುಗ, ಹಾಗಾಗಿ ಅತ್ತೆಯವರ ಕಣ್ಣು, ಮೊಣಕಾಲು ಹೇಗಿವೆ ಎಂದು ಮೊದಲು ನೋಡಿ. ಅವರನ್ನೇ ಯಾರೂ ವಿಚಾರಿಸದಿದ್ದರೆ ಮಗುವಿನ ಹಿಂದೆ ಓಡಲು ಅವರಿಗಾಗುವುದಿಲ್ಲ. ಅವರೂ ಕೂಲಿಗೆ ಹೋಗುವವರಾಗಿದ್ದು ಮನೆಯಲ್ಲಿ ಇನ್ನೊಂದು ಎಳೆಯ ಕೂಸಿದ್ದರೆ, ದುಡಿಯುವವರ ಎಳೆಯ ಮಕ್ಕಳನ್ನು ಹಗಲು ನೋಡಿಕೊಳ್ಳುವ ‘ಕೂಸಿನ ಮನೆ’ ನಿಮ್ಮ ಪಂಚಾಯಿತಿಯಲ್ಲಿ ನಡೆಯುತ್ತಿದೆಯೇ ವಿಚಾರಿಸಿ. ಹೊರಡುವ ಮುನ್ನ ಆ ಟೀಚರ ಬಳಿಗೆ ಹೋಗಿ, ಸಿಟ್ಟು ಬಿಟ್ಟು, ‘ಇವನಲ್ಲಿ ಏನು ಕಂಡಿರಿ’ ಎಂದು ಕೇಳಿ, ನಿಮ್ಮ ನಂಬರ್ ಕೊಟ್ಟು ಬನ್ನಿ. ಫೋನನ್ನು ದಿನಾ ಒಂದೇ ಹೊತ್ತಿಗೆ ಮಾಡಿ. ‘ಉಂಡ್ಯಾ, ಸಾಲಿಗ್ ಹೋದ್ಯಾ’ ಎಂದು ಇಟ್ಟುಬಿಡಬೇಡಿ. ನಿನ್ನೆ ಅವನು ಹೇಳಿದ ನಾಯಿಮರಿ ಇವತ್ತು ಏನು ಮಾಡಿತೆಂದು ಕೇಳಿ.

ಇನ್ನೊಂದು. ಅಳುತ್ತಾನೆಂದು ಅವನು ಮಲಗಿದ ಮೇಲೆ ಕದ್ದು ಬಸ್ಸು ಹತ್ತುವವರು ನಮ್ಮಲ್ಲಿ ಬಹಳ. ಹಾಗೆ ಮಾಡಬೇಡಿ, ಅಳಲಿ. ಎದ್ದಿರುವಾಗಲೇ ಹೇಳಿ ಹೊರಡಿ, ಬರುವ ದಿನವನ್ನು ಕ್ಯಾಲೆಂಡರ್ ಮೇಲೆ ಅವನ ಕೈಯಲ್ಲೇ ಗುರುತು ಹಾಕಿಸಿ. ಉಗಾದಿಗೆ ಬರುತ್ತೇನೆ ಅಂದಿದ್ದರೆ ಉಗಾದಿಗೇ ಬನ್ನಿ. ಮೇಸ್ತ್ರಿ ರಜೆ ಕೊಡಲಿಲ್ಲವೆಂದರೆ, ಅದನ್ನು ಹಬ್ಬಕ್ಕಿಂತ ಮೊದಲೇ ಫೋನಿನಲ್ಲಿ ಅವನಿಗೇ ಹೇಳಿ, ಅಜ್ಜಿಯ ಬಾಯಿಂದ ಹೇಳಿಸಬೇಡಿ.