ಬೇಡ ಅಂದರೆ ಸಾಲದು, ಬದಲಿಗೆ ಏನು?

ಕಳೆದ ಮಳೆಗಾಲದಲ್ಲಿ ಅಜ್ಜಿಯೊಬ್ಬರು ಎರಡೂವರೆ ವರ್ಷದ ಮೊಮ್ಮಗನನ್ನು ಎತ್ತಿಕೊಂಡು ಬಂದರು. ನೆಗಡಿ, ಸ್ವಲ್ಪ ಕೆಮ್ಮು. ಚೀಲದಿಂದ ಸಿರಪ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. "ಮೂರು ದಿನದಿಂದ ಕುಡಿಸ್ತಿದೀವಿ ಡಾಕ್ಟ್ರೇ, ಯಾವಾಗ ನೋಡಿದ್ರೂ ತೂಕಡಿಸ್ತಾನೆ." ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಆ ಬಾಟಲಿಯ ಮೇಲೇ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಇತ್ತು. ಬರೆದುಕೊಟ್ಟಿದ್ದು ಒಬ್ಬ ವೈದ್ಯರೇ.

ಅದು ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಔಷಧ. ಮೊದಲನೆಯದು ಮಂಪರು ತರುತ್ತದೆ. ಎರಡನೆಯದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಪುಟ್ಟ ಮಕ್ಕಳ ನೆಗಡಿ ಇದರಿಂದ ಬೇಗ ವಾಸಿಯಾಗುತ್ತದೆ ಎನ್ನಲು ಗಟ್ಟಿ ಪುರಾವೆಯೇ ಇಲ್ಲ. 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಈ ಎಚ್ಚರಿಕೆಯನ್ನು ಲೇಬಲ್ ಮೇಲೆ ಹಾಕಲೇಬೇಕು ಎಂದರು. ಆ ಪತ್ರ ಹೋಗಿದ್ದು ರಾಜ್ಯಗಳ ಔಷಧ ನಿಯಂತ್ರಕರಿಗೆ. ನನಗೆ ಗೊತ್ತಾಗಿದ್ದು ಪೇಪರ್ ಓದಿ.

ಗೊತ್ತಿದ್ದೂ ಬರೆಯುವವರಿದ್ದಾರೆ. ಅವರನ್ನು ಸುಮ್ನೆ ಬೈದರೆ ಪ್ರಯೋಜನವಿಲ್ಲ. ರಾತ್ರಿಯೆಲ್ಲ ಮಗು ಕೆಮ್ಮಿದೆ, ತಾಯಿ ನಿದ್ದೆಗೆಟ್ಟಿದ್ದಾಳೆ, ಹೊರಗೆ ನಲವತ್ತು ಜನ ಕಾಯುತ್ತಿದ್ದಾರೆ. ಔಷಧ ಬೇಡ ಎಂದು ವಿವರಿಸಲು ಹತ್ತು ನಿಮಿಷ ಬೇಕು. ಸಿರಪ್ ಬರೆಯಲು ಹತ್ತು ಸೆಕೆಂಡ್ ಸಾಕು. ಎಚ್ಚರಿಕೆ ಸೋಲುವುದು ಇಲ್ಲೇ ಎಂಬುದು ನನ್ನ ಅನುಭವ. ಅದು ಬೇಡ ಎನ್ನುತ್ತದೆ, ಬದಲಿಗೆ ಏನು ಎಂದು ಹೇಳುವುದಿಲ್ಲ.

ಗೆದ್ದ ಎಚ್ಚರಿಕೆಯೂ ಇದೆ. ಜ್ವರಕ್ಕೆ ಆಸ್ಪಿರಿನ್ ಕೊಟ್ಟ ಮಕ್ಕಳಲ್ಲಿ ಮಿದುಳು, ಯಕೃತ್ತಿಗೆ ಪೆಟ್ಟು ಬೀಳುವ ರೇಯ್ಸ್ ಸಿಂಡ್ರೋಮ್ ಅಮೆರಿಕದಲ್ಲಿ ಕಾಣಿಸಿಕೊಳ್ಳುತ್ತಿತ್ತು. 1980ರ ಹೊತ್ತಿಗೆ ವರ್ಷಕ್ಕೆ 555 ಪ್ರಕರಣ. ಅಲ್ಲಿಂದ ಎಚ್ಚರಿಕೆಗಳು ಶುರುವಾದವು, 1986ರಲ್ಲಿ ಲೇಬಲ್ ಕಡ್ಡಾಯವಾಯಿತು. 1987ರ ನಂತರ ಯಾವ ವರ್ಷವೂ 36 ದಾಟಲಿಲ್ಲ. ಸುದ್ದಿ ವೈದ್ಯರ ಹತ್ತಿರವೇ ನಿಲ್ಲದೆ ನೇರವಾಗಿ ಅಪ್ಪ ಅಮ್ಮಂದಿರನ್ನು ಮುಟ್ಟಿತು. ಜೊತೆಗೆ, ಆಸ್ಪಿರಿನ್ ಬಿಟ್ಟವರ ಕೈಗೆ ಪ್ಯಾರಾಸಿಟಮಾಲ್ ಸಿಕ್ಕಿತು. ಇದೇ ಜಾಸ್ತಿ ಕೆಲಸ ಮಾಡಿತು ಎಂದು ನಾನು ನಂಬುತ್ತೇನೆ.

ನೆಗಡಿಗೆ ಅಂಥ ಬದಲಿ ಔಷಧವಿಲ್ಲ. ಆದರೆ ಮಾಡಲು ಕೆಲಸವಿದೆ, ಅಲ್ವಾ? ಅದನ್ನೇ ಈಗ ಚೀಟಿಯಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಮೂಗು ಕಟ್ಟಿದ್ದರೆ, ಹಾಲು ಕುಡಿಸುವ ಮೊದಲು ಉಪ್ಪುನೀರಿನ ಡ್ರಾಪ್ಸ್. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನು, ಅದಕ್ಕಿಂತ ಚಿಕ್ಕ ಮಗುವಿಗೆ ಜೇನು ಬೇಡವೇ ಬೇಡ. ಪಕ್ಕೆ ಒಳಗೆಳೆಯುತ್ತಿದ್ದರೆ, ಉಸಿರು ಜೋರಾದರೆ, ಹಾಲು ಬಿಟ್ಟರೆ ರಾತ್ರಿಯಾದರೂ ಸರಿ, ತಕ್ಷಣ ಕರೆದುಕೊಂಡು ಬನ್ನಿ.

ಅಜ್ಜಿಗೂ ಇದೇ ಚೀಟಿ ಕೊಟ್ಟೆ. "ಸಿರಪ್ ಬರೀಲಿಲ್ವಾ?" ಅಂದರು. ಹತ್ತು ನಿಮಿಷ ಕೂತು ಮಾತಾಡಿದೆವು. ಹೋಗುವಾಗ ಬಾಟಲಿಯನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದರು.