ಗಂಡ ಬರೆದ ಪರೀಕ್ಷೆ ಹೆಂಡತಿಗಲ್ಲ

ಪಾಂಡವಪುರದ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಮೈಸೂರಿನ ನನ್ನ ಆಫೀಸಿಗೆ ಬಂದಿದ್ದರು. ಅಳಿಯ ಬ್ರಿಟನ್ನಿನಲ್ಲಿ ಓದಿ, ಕೆಲಸ ಹಿಡಿದು, ಅಲ್ಲೇ ಕಾಯಂ ನೆಲೆಸುವ ಹಕ್ಕು ಪಡೆದಿದ್ದಾರೆ. ‘ಆರು ತಿಂಗ್ಳು ಕೋಚಿಂಗ್‌ಗೆ ಹಾಕಿದ್ದೋ ಸಾರ್, ಆರು ಬ್ಯಾಂಡ್ ಬಂದದೆ’ ಎಂದು ಸರ್ಟಿಫಿಕೇಟ್ ಮುಂದಿಟ್ಟರು. ಮಾಮೂಲಿ ಐಇಎಲ್‌ಟಿಎಸ್ ಅಕಾಡೆಮಿಕ್, ಹೊರದೇಶಕ್ಕೆ ಓದಲು ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ; ಬ್ಯಾಂಡ್ ಎಂದರೆ ಅದರ ಅಂಕ. ಹೆಂಡತಿಯ ವೀಸಾಕ್ಕೆ ಅದು ನಡೆಯುವುದಿಲ್ಲ. ಆ ಹುಡುಗಿಯ ಮುಖ ನೋಡಲಾಗಲಿಲ್ಲ.

ಗಂಡ ತಾನು ಓದಲು ಹೋಗುವಾಗ ಬರೆದದ್ದನ್ನೇ ಹೆಂಡತಿಗೂ ಹೇಳುತ್ತಾನೆ. ತಪ್ಪು ಶುರುವಾಗುವುದೇ ಅಲ್ಲಿ. 2010ರ ನವೆಂಬರಿನಿಂದ ಬ್ರಿಟನ್ ಸಂಗಾತಿ ವೀಸಾಕ್ಕೆ ಕೇಳುತ್ತಿರುವುದು ಇಂಗ್ಲಿಷಿನ ಎ1 ಮಟ್ಟ, ಎಲ್ಲಕ್ಕಿಂತ ಕೆಳಗಿನದು. ಮಾತಾಡಬೇಕು, ಕೇಳಿ ಅರ್ಥಮಾಡಿಕೊಳ್ಳಬೇಕು, ಅಷ್ಟೇ. ಓದುವ, ಬರೆಯುವ ಪರೀಕ್ಷೆ ಇಲ್ಲ. ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್ ಎ1 ಇರುವುದು ಇದಕ್ಕೇ: 16ರಿಂದ 18 ನಿಮಿಷ, ಇಬ್ಬರು ಅಭ್ಯರ್ಥಿಗಳು ಒಟ್ಟಿಗೆ. ಬ್ಯಾಂಡ್ ಇಲ್ಲ, ಪಾಸು ಇಲ್ಲವೇ ಫೇಲು.

‘ಆರು ಬ್ಯಾಂಡ್ ಎ1ಗಿಂತ ಜಾಸ್ತಿ ತಾನೇ?’ ಎಂದು ಎಲ್ಲರೂ ಕೇಳುತ್ತಾರೆ. ಜಾಸ್ತಿಯೇ. ಆದರೆ ಅಂಕ ನೋಡುವ ಮೊದಲು ವೀಸಾ ಅಧಿಕಾರಿಗಳು ನೋಡುವುದು ಪರೀಕ್ಷೆ ತಮ್ಮ ಪಟ್ಟಿಯದೇ ಎಂದು. ಅದೇ ಅಕಾಡೆಮಿಕ್ ಅನ್ನು ‘ಯುಕೆವಿಐ’ (ಬ್ರಿಟನ್ ಸರ್ಕಾರದ ವೀಸಾ ಇಲಾಖೆ) ಹೆಸರಿನಲ್ಲಿ, ಒಪ್ಪಿಗೆ ಪಡೆದ ಕೇಂದ್ರದಲ್ಲಿ ಬರೆದಿದ್ದರೆ ನಡೆಯುತ್ತಿತ್ತು. ಪ್ರಶ್ನೆಗಳು ಒಂದೇ ಥರ, ಬುಕಿಂಗ್ ಬೇರೆ. ಹಾಗಾಗಿ ದುಡ್ಡು ಕಟ್ಟುವ ಮುಂಚೆ ಪರೀಕ್ಷೆಯ ಪೂರ್ತಿ ಹೆಸರನ್ನು ಗಟ್ಟಿಯಾಗಿ ಓದಿಕೊಳ್ಳಿ.

ಪರೀಕ್ಷೆಯ ಬದಲು, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದಾರೆ ಎಂದು ಪ್ರಿನ್ಸಿಪಾಲರಿಂದ ಪತ್ರ ತರುವವರೂ ಇದ್ದಾರೆ. ಪತ್ರವೊಂದೇ ಸಾಲದು. ಇಲ್ಲಿನ ಪದವಿ ತೋರಿಸುವುದಾದರೆ ಹೊರದೇಶದ ಪದವಿಗಳನ್ನು ಪರಿಶೀಲಿಸುವ ಬ್ರಿಟನ್ನಿನ ಎಕ್ಟಿಸ್ ಸಂಸ್ಥೆಯ ದೃಢೀಕರಣ ಬೇಕು.

ನಾನು ಹೇಳುತ್ತಿರುವುದು ಬ್ರಿಟನ್ ಪ್ರಜೆಯ ಅಥವಾ ಅಲ್ಲಿ ಕಾಯಂ ನೆಲೆಸಿದವರ ಸಂಗಾತಿಗೆ ಮಾತ್ರ. ಅಳಿಯ ಕೆಲಸದ ವೀಸಾದಲ್ಲಿದ್ದರೆ ಲೆಕ್ಕವೇ ಬೇರೆ. ನಿಯಮಗಳು ಬದಲಾಗುತ್ತಲೂ ಇರುತ್ತವೆ, ಅರ್ಜಿ ಹಾಕುವ ದಿನ ಸರ್ಕಾರದ ಪುಟವನ್ನೇ ನೋಡಿ. ಮುಂದೆ ವೀಸಾ ವಿಸ್ತರಣೆಗೆ ಎ2, ಕಾಯಂ ನೆಲೆಗೆ ಬಿ1 ಬೇಕಾಗುತ್ತದೆ, ಕಲಿಕೆ ನಿಲ್ಲಿಸಬೇಡಿ.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ಆ ಹುಡುಗಿ ಮತ್ತೆ ಪರೀಕ್ಷೆ ಎಂದೊಡನೆ ಕಣ್ಣೀರು ಹಾಕಿದಳು. ‘ನಿಮ್ಮನೇಲಿ ಇವತ್ತು ಏನಮ್ಮಾ ಅಡಿಗೆ, ಇಂಗ್ಲಿಷಲ್ಲಿ ಹೇಳು’ ಎಂದೆ. ಉಪ್ಸಾರಿಗೆ ಖಾರ ಅರೆಯುವುದರಿಂದ ಹಿಡಿದು ಮುದ್ದೆ ಕಟ್ಟುವವರೆಗೆ ತಡೆಯದೆ ಹೇಳಿದಳು. ಅಪ್ಪ ಬಾಯಿ ಬಿಟ್ಟುಕೊಂಡು ಕೇಳುತ್ತಾ ಕೂತಿದ್ದರು.