ಅಮೆರಿಕದ ಟಿವಿ ಯಾರದ್ದಾಗಿತ್ತು? ಒಂದು ಕ್ವಿಜ್ ಮೋಸದ ಹಿನ್ನೆಲೆ

1950ರ ದಶಕದಲ್ಲಿ ಅಮೆರಿಕದ ಟಿವಿ ಕ್ವಿಜ್‌ಗಳಲ್ಲಿ ಸ್ಪರ್ಧಿಗಳಿಗೆ ಮೊದಲೇ ಉತ್ತರ ಹೇಳಿಕೊಟ್ಟು ಆಡಿಸಿದ್ದರು. ಆ ಮೋಸದ ಕತೆ ಹೇಳಿದಾಗಲೆಲ್ಲ ಎದುರಿಗಿದ್ದವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಸ್ಪರ್ಧಿಗಳಿಗೆ ಉತ್ತರ ಹೇಳಿಕೊಟ್ಟವರು ಯಾರು? ಇದಕ್ಕೆ 1959ರಲ್ಲೇ ಉತ್ತರ ಸಿಕ್ಕಿದೆ. ಕಾರ್ಯಕ್ರಮ ತಯಾರಿಸುತ್ತಿದ್ದವರೇ ಸಂಸತ್ತಿನ ಸಮಿತಿ ಮುಂದೆ ಒಪ್ಪಿಕೊಂಡರು. ಸಿಕ್ಕು ಇರುವುದು ಬೇರೆ ಕಡೆ. ಆ ಕಾರ್ಯಕ್ರಮ ನಿಜಕ್ಕೂ ಯಾರದ್ದು? ತಯಾರಿಸಿದ ಕಂಪನಿಯದ್ದೇ, ಪ್ರಸಾರ ಮಾಡಿದ ಟಿವಿಯದ್ದೇ, ನಡುವೆ ಇದ್ದ ಜಾಹೀರಾತು ಏಜೆನ್ಸಿಯದ್ದೇ, ದುಡ್ಡು ಕೊಟ್ಟ ಪ್ರಾಯೋಜಕರದ್ದೇ? ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸಿದರು. ಅದು ಅರ್ಥವಾಗಬೇಕಾದರೆ ರೇಡಿಯೊ ಕಾಲಕ್ಕೆ ಹೋಗಬೇಕು.

1922ರ ಆಗಸ್ಟ್ 28ರಂದು ನ್ಯೂಯಾರ್ಕಿನ ಡಬ್ಲ್ಯೂಇಎಎಫ್ ರೇಡಿಯೊದಲ್ಲಿ ಒಬ್ಬರು ಬಂದು ಹತ್ತು ನಿಮಿಷ ಮಾತಾಡಿದರು. ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲಿ ಹೊಸ ಅಪಾರ್ಟ್‌ಮೆಂಟು ಕಟ್ಟಿದ್ದೇವೆ, ಪೇಟೆಯ ಗದ್ದಲ ಬಿಟ್ಟು ಬನ್ನಿ ಅನ್ನುವುದು ಆ ಮಾತಿನ ಸಾರ. ಆ ಸ್ಟೇಷನ್ ಇದ್ದದ್ದು ಎಟಿ ಅಂಡ್ ಟಿ ಎಂಬ ಟೆಲಿಫೋನ್ ಕಂಪನಿಯ ಕೈಯಲ್ಲಿ. ಅವರ ಲೆಕ್ಕ ಸರಳವಾಗಿತ್ತು. ಟ್ರಂಕ್ ಕಾಲ್ ಮಾಡುವವರು ನಿಮಿಷಕ್ಕೆ ಇಷ್ಟು ಅಂತ ಕಟ್ಟುತ್ತಾರೆ, ಅಲ್ವಾ? ಹಾಗೇ ರೇಡಿಯೊದಲ್ಲಿ ಮಾತಾಡುವವರೂ ಕಟ್ಟಲಿ. ಕೇಳುವವರು ಏನೂ ಕೊಡಬೇಕಾಗಿಲ್ಲ.

ಆಗ ವಾಣಿಜ್ಯ ಖಾತೆ ನೋಡಿಕೊಳ್ಳುತ್ತಿದ್ದ ಹರ್ಬರ್ಟ್ ಹೂವರ್ ಅದೇ ವರ್ಷ ಎಚ್ಚರಿಸಿದ್ದರು. ಇಷ್ಟು ದೊಡ್ಡ ಸಾಧನ ಜಾಹೀರಾತಿನ ಹರಟೆಯಲ್ಲಿ ಮುಳುಗಿಹೋಗಬಾರದು ಎಂದಿದ್ದರು. ಬ್ರಿಟನ್ ಬೇರೆ ದಾರಿ ಹಿಡಿಯಿತು. ಅಲ್ಲಿ ರೇಡಿಯೊ ಇಟ್ಟುಕೊಂಡವರು ಲೈಸೆನ್ಸ್ ಹಣ ಕಟ್ಟಬೇಕಿತ್ತು. ನಮ್ಮಲ್ಲೂ ಪೋಸ್ಟ್ ಆಫೀಸಿಗೆ ಹೋಗಿ ರೇಡಿಯೊ ಲೈಸೆನ್ಸ್ ಮಾಡಿಸುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಅಮೆರಿಕದವರಿಗೆ ಆ ತಾಪತ್ರಯ ಇರಲಿಲ್ಲ. ಅದರ ಬೆಲೆ ಬೇರೆ ರೂಪದಲ್ಲಿ ಬಂತು.

1926ರಲ್ಲಿ ಎನ್‌ಬಿಸಿ, ಮರುವರ್ಷ ಸಿಬಿಎಸ್ ಎಂಬ ರೇಡಿಯೊ ಕಂಪನಿಗಳು ಹುಟ್ಟಿದವು. 1930ರ ದಶಕ ಮುಗಿಯುವ ಹೊತ್ತಿಗೆ ದೊಡ್ಡ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ರೇಡಿಯೊ ಕಂಪನಿಗಳಲ್ಲಿ ತಯಾರಾಗುತ್ತಲೇ ಇರಲಿಲ್ಲ. ಜಾಹೀರಾತು ಏಜೆನ್ಸಿಗಳು ಬರಹಗಾರರನ್ನು, ನಟರನ್ನು, ವಾದ್ಯದವರನ್ನು ಗೊತ್ತುಮಾಡಿ ಪೂರ್ತಿ ಕಾರ್ಯಕ್ರಮ ಸಿದ್ಧಮಾಡುತ್ತಿದ್ದವು. ರೇಡಿಯೊ ಕಂಪನಿ ಸಮಯ ಮಾರುತ್ತಿತ್ತು, ಅಷ್ಟೇ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಆಕ್ಸಿಡಾಲ್ ಎಂಬ ಬಟ್ಟೆ ಸೋಪಿನ ಪುಡಿಗಾಗಿ 1933ರಲ್ಲಿ ‘ಮಾ ಪರ್ಕಿನ್ಸ್’ ಶುರುವಾಯಿತು. ದಿನಕ್ಕೆ 15 ನಿಮಿಷದ ಕತೆ. ಗಂಡ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಬಟ್ಟೆ ಒಗೆಯುತ್ತ, ಪಾತ್ರೆ ತೊಳೆಯುತ್ತ ಒಬ್ಬರೇ ಇರುವ ಹೆಂಗಸರಿಗಾಗಿ ಹೆಣೆದದ್ದು. ಧಾರಾವಾಹಿಗೆ ‘ಸೋಪ್’ ಎಂಬ ಹೆಸರು ಅಂಟಿಕೊಂಡದ್ದು ಹೀಗೆ. ಆ ಕತೆಗಳನ್ನು ಹಗುರವಾಗಿ ನೋಡುವುದು ಸುಲಭ. ಆದರೆ ಮನೆಯಲ್ಲಿ ಕೆಲಸ ಮಾಡುವ ಹೆಂಗಸಿನ ಹಗಲಿಗೆ ಒಂದು ಜೊತೆ ಬೇಕು ಎಂದು ಅಷ್ಟು ಗಂಭೀರವಾಗಿ ಯೋಚಿಸಿದ್ದು ಆ ಕಾಲದಲ್ಲಿ ಸೋಪು ಮಾರುವವರೇ. ಅದನ್ನೂ ಹೇಳಬೇಕು.

ಯುದ್ಧ ಮುಗಿದ ಮೇಲೆ ಟಿವಿ ಬಂತು. 1950ರಲ್ಲಿ ನೂರು ಮನೆಗಳಲ್ಲಿ ಸುಮಾರು 9 ಮನೆಗಳಲ್ಲಿ ಮಾತ್ರ ಟಿವಿ ಇತ್ತು. ಹತ್ತೇ ವರ್ಷದಲ್ಲಿ ಅದು 90ರ ಹತ್ತಿರ ಬಂತು. 1954ರ ಹೊತ್ತಿಗೆ ಸ್ವಾನ್ಸನ್ ಕಂಪನಿ ಅಲ್ಯೂಮಿನಿಯಂ ತಟ್ಟೆಯಲ್ಲಿ ಊಟ ತುಂಬಿಸಿ ‘ಟಿವಿ ಡಿನ್ನರ್’ ಎಂದು ಮಾರುತ್ತಿತ್ತು. ಒಲೆಯಲ್ಲಿ ಬಿಸಿಮಾಡಿ ಟಿವಿ ಮುಂದೆ ಕೂತು ತಿನ್ನುವುದು. ಸಂಜೆಯ ಲಯವೇ ಬದಲಾಯಿತು. ಆದರೆ ದುಡ್ಡಿನ ಏರ್ಪಾಡು ರೇಡಿಯೊ ಕಾಲದ್ದೇ ಉಳಿಯಿತು. ಮಿಲ್ಟನ್ ಬರ್ಲ್ ನಡೆಸುತ್ತಿದ್ದ ದೊಡ್ಡ ಹಾಸ್ಯ ಕಾರ್ಯಕ್ರಮದ ಹೆಸರಿನಲ್ಲೇ ಟೆಕ್ಸಾಕೊ ಪೆಟ್ರೋಲ್ ಇತ್ತು. ಶುರುವಿನಲ್ಲಿ ಪೆಟ್ರೋಲ್ ಬಂಕಿನ ಸಮವಸ್ತ್ರ ತೊಟ್ಟ ನಾಲ್ವರು ಬಂದು ಹಾಡುತ್ತಿದ್ದರು.

ಸುದ್ದಿಯ ಹೆಸರಿನಲ್ಲೂ ಹೀಗೇ. 1949ರಿಂದ 1956ರವರೆಗೆ ಎನ್‌ಬಿಸಿಯ ರಾತ್ರಿ ಸುದ್ದಿಯ ಹೆಸರು ‘ಕ್ಯಾಮೆಲ್ ನ್ಯೂಸ್ ಕ್ಯಾರವಾನ್’. ಕ್ಯಾಮೆಲ್ ಎಂದರೆ ಸಿಗರೇಟು. 15 ನಿಮಿಷದಲ್ಲಿ ಇಡೀ ಜಗತ್ತು. ‘ಧೂಮಪಾನ ನಿಷೇಧ’ ಎಂಬ ಬೋರ್ಡು ಚಿತ್ರದಲ್ಲಿ ಕಾಣಬಾರದು ಎಂಬ ನಿಯಮವಿತ್ತು. ಚುರುಟು ಸೇದುವವರನ್ನೂ ತೋರಿಸುವಂತಿರಲಿಲ್ಲ. ವಿನ್‌ಸ್ಟನ್ ಚರ್ಚಿಲ್‌ ಒಬ್ಬರಿಗೆ ಮಾತ್ರ ವಿನಾಯಿತಿ. ಸುದ್ದಿ ಓದುತ್ತಿದ್ದ ಜಾನ್ ಕ್ಯಾಮರಾನ್ ಸ್ವೇಜಿ ಯಾವ ಸುಳ್ಳೂ ಹೇಳಬೇಕಾಗಿರಲಿಲ್ಲ. ಕೆಲವು ವಸ್ತುಗಳು ಸುಮ್ನೆ ಜಗತ್ತಿನಿಂದ ಮರೆಯಾಗುತ್ತಿದ್ದವು.

ಮರೆಯಾಗುತ್ತಿದ್ದದ್ದು ವಸ್ತುಗಳು ಮಾತ್ರ ಅಲ್ಲ. 1956ರ ನವೆಂಬರ್‌ನಲ್ಲಿ ಗಾಯಕ ನ್ಯಾಟ್ ಕಿಂಗ್ ಕೋಲ್ ಎನ್‌ಬಿಸಿಯಲ್ಲಿ ತಮ್ಮದೇ ಕಾರ್ಯಕ್ರಮ ಶುರುಮಾಡಿದರು. ಅವರ ರೆಕಾರ್ಡುಗಳು ಬಿಳಿಯರ ಮನೆಗಳಲ್ಲೂ ತಿರುಗುತ್ತಿದ್ದವು. ಹೆಸರಾಂತ ಗಾಯಕರು ಅವರ ಮೇಲಿನ ಪ್ರೀತಿಗೆ ಕಡಿಮೆ ಸಂಭಾವನೆಗೆ ಬಂದು ಹಾಡಿದರು. ಆದರೆ ದೇಶದುದ್ದಕ್ಕೂ ಪ್ರಾಯೋಜಕರಾಗಲು ಒಂದು ಕಂಪನಿಯೂ ಮುಂದೆ ಬರಲಿಲ್ಲ. ಕಪ್ಪು ಗಾಯಕನ ಜೊತೆ ಹೆಸರು ಸೇರಿಸಿಕೊಂಡರೆ ದಕ್ಷಿಣದ ರಾಜ್ಯಗಳಲ್ಲಿ ಮಾಲು ಹೋಗುವುದಿಲ್ಲ ಎಂಬ ಭಯ. ಒಂದು ವರ್ಷ ನೋಡಿ 1957ರ ಡಿಸೆಂಬರ್‌ನಲ್ಲಿ ಕೋಲ್ ತಾವೇ ನಿಲ್ಲಿಸಿದರು. ಜಾಹೀರಾತು ಕಂಪನಿಗಳ ಬೀದಿ ಮ್ಯಾಡಿಸನ್ ಅವೆನ್ಯೂಗೆ ಕತ್ತಲೆ ಎಂದರೆ ಹೆದರಿಕೆ ಎಂದು ಅವರು ಹೇಳಿದ ಮಾತು ಉಳಿದಿದೆ. ಜನ ಅವರನ್ನು ಬೇಡ ಎಂದಿರಲಿಲ್ಲ. ಜನರನ್ನು ಯಾರೂ ಕೇಳಲೂ ಇಲ್ಲ.

ನಾಟಕಗಳಲ್ಲೂ ಇದೇ ಕತೆ. 1959ರ ಏಪ್ರಿಲ್‌ನಲ್ಲಿ ಸಿಬಿಎಸ್ ನಾಜಿಗಳ ನ್ಯೂರೆಂಬರ್ಗ್ ವಿಚಾರಣೆಯ ಬಗ್ಗೆ ಒಂದು ನಾಟಕ ಪ್ರಸಾರ ಮಾಡಿತು. ಪ್ರಾಯೋಜಕರಲ್ಲಿ ಅಡುಗೆ ಅನಿಲ ಕಂಪನಿಗಳ ಸಂಘ ಒಂದು. ಹಾಗಾಗಿ ಜನರನ್ನು ಕೊಂದ ಕೋಣೆಗಳ ಮಾತು ಬಂದಲ್ಲಿ ‘ಗ್ಯಾಸ್’ ಎಂಬ ಪದದ ಧ್ವನಿ ಅಳಿಸಿದರು. ನಟನ ತುಟಿ ಆಡಿತು, ಮಾತು ಕೇಳಲಿಲ್ಲ. ಈ ಘಟನೆ ಓದಿದಾಗಲೆಲ್ಲ ನನಗೆ ಹೊಟ್ಟೆ ತೊಳಸಿದ ಹಾಗಾಗುತ್ತದೆ.

ಈಗ ಕ್ವಿಜ್ ವಿಷಯಕ್ಕೆ ಬರೋಣ. ಬಹುಮಾನ ಹಂಚುವ ಕಾರ್ಯಕ್ರಮಗಳು ಲಾಟರಿ ಅಲ್ಲ ಎಂದು 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮರುವರ್ಷ ಜೂನ್ 7ರಂದು ಸಿಬಿಎಸ್‌ನಲ್ಲಿ 64,000 ಡಾಲರ್ ಬಹುಮಾನದ ಕ್ವಿಜ್ ಶುರು. ಪ್ರಾಯೋಜಕರು ರೆವ್ಲಾನ್ ಎಂಬ ಸೌಂದರ್ಯ ಸಾಮಗ್ರಿ ಕಂಪನಿ. ಆಗ ಒಂದು ಸಾಧಾರಣ ಕುಟುಂಬದ ವರ್ಷದ ಆದಾಯ ಸುಮಾರು 4,400 ಡಾಲರ್. ಬ್ರಾಂಕ್ಸ್‌ನ ಚಪ್ಪಲಿ ರಿಪೇರಿಯವರು ಆಪೆರಾ ಬಗ್ಗೆ ಉತ್ತರಿಸಿದರು. ಮರೀನ್ ಪಡೆಯ ಕ್ಯಾಪ್ಟನ್ ಒಬ್ಬರು ಅಡುಗೆಯ ಬಗ್ಗೆ ಉತ್ತರಿಸಿ ಪೂರ್ತಿ ಮೊತ್ತ ಗೆದ್ದರು. ಸಾಧಾರಣ ಜನರೊಳಗೆ ಇಷ್ಟು ತಿಳಿವಳಿಕೆ ಇದೆ ಎಂದು ಇಡೀ ದೇಶ ಖುಷಿಪಟ್ಟಿತು. ಆ ಖುಷಿ ನಿಜವಾದದ್ದು. ರೆವ್ಲಾನ್‌ನ ಒಂದು ಲಿಪ್‌ಸ್ಟಿಕ್ ಅಂಗಡಿಗಳಲ್ಲಿ ಸಿಗದ ಹಾಗೆ ಖಾಲಿಯಾಯಿತು.

ಅದೇ ಮಂಗಳವಾರ ರಾತ್ರಿ, ಆ ಕ್ವಿಜ್ ಮುಗಿದ ಕೂಡಲೇ ಬರುತ್ತಿದ್ದದ್ದು ಪತ್ರಕರ್ತ ಎಡ್ವರ್ಡ್ ಮರೋ ಅವರ ‘ಸೀ ಇಟ್ ನೌ’. ಕಂಡವರನ್ನೆಲ್ಲ ಕಮ್ಯುನಿಸ್ಟ್ ಎಂದು ದೂರುತ್ತಿದ್ದ ಸೆನೆಟರ್ ಮೆಕಾರ್ಥಿಯ ದಬ್ಬಾಳಿಕೆಯನ್ನು ಹಿಂದಿನ ವರ್ಷ ಜನರ ಮುಂದಿಟ್ಟ ಕಾರ್ಯಕ್ರಮ ಅದು. ಆ ಕಂತಿನ ಬಗ್ಗೆ ಪತ್ರಿಕೆಯಲ್ಲಿ ಜಾಹೀರಾತು ಹಾಕಲು ಮರೋ ಮತ್ತು ಅವರ ನಿರ್ಮಾಪಕ ಫ್ರೆಡ್ ಫ್ರೆಂಡ್ಲಿ ತಮ್ಮ ಜೇಬಿನಿಂದ ದುಡ್ಡು ಹಾಕಿದ್ದರು. ಪ್ರಾಯೋಜಕರಾಗಿದ್ದ ಅಲ್ಯೂಮಿನಿಯಂ ಕಂಪನಿ ಅಲ್ಕೋವಾ ಆಮೇಲೂ ಒಂದಷ್ಟು ಕಾಲ ಜೊತೆಗಿದ್ದು 1955ರಲ್ಲಿ ಬಿಟ್ಟಿತು. ಕ್ವಿಜ್‌ನಿಂದ ಆ ಗಂಟೆಯ ಬೆಲೆ ಏರಿತ್ತು. ವಾರದ ಕಾರ್ಯಕ್ರಮ ಯಾವಾಗಲೋ ಒಮ್ಮೆ ಬರುವ ವಿಶೇಷವಾಯಿತು. 1958ರಲ್ಲಿ ನಿಂತೇಹೋಯಿತು.

ಕ್ವಿಜ್‌ಗಳು ಮೊದಲ ದಿನದಿಂದಲೇ ಮೋಸವಾಗಿದ್ದವೇ? ಪೂರ್ತಿ ಹಾಗೆ ಹೇಳಲು ಆಗದು. ರೆವ್ಲಾನ್ ಕಡೆಯವರು ವಾರಕ್ಕೊಮ್ಮೆ ತಯಾರಕರ ಜೊತೆ ಸಭೆ ಕೂರುತ್ತಿದ್ದರು. ಯಾವ ಸ್ಪರ್ಧಿ ಇರಬೇಕು, ಯಾರು ಹೋಗಬೇಕು ಎಂಬ ಮಾತು ಅಲ್ಲಿ ಬರುತ್ತಿತ್ತು ಎಂದು ತಯಾರಕರು ಆಮೇಲೆ ಹೇಳಿದರು. ಬಾಕ್ಸಿಂಗ್ ವಿಷಯ ಆರಿಸಿಕೊಂಡ ಮನಶ್ಶಾಸ್ತ್ರಜ್ಞೆ ಜಾಯ್ಸ್ ಬ್ರದರ್ಸ್ ಅವರನ್ನು ಸೋಲಿಸಬೇಕೆಂದು ಬಾಕ್ಸರ್‌ಗಳನ್ನು ಬಿಟ್ಟು ರೆಫರಿಗಳ ಬಗ್ಗೆ ಪ್ರಶ್ನೆ ಹಾಕಿದರು. ಅವರು ಅದನ್ನೂ ಓದಿಕೊಂಡು ಬಂದಿದ್ದರು! ಗೆದ್ದೇ ಹೋದರು.

‘ಟ್ವೆಂಟಿ ಒನ್’ ಎಂಬ ಕ್ವಿಜ್ ಮುಂದಿನ ಹೆಜ್ಜೆ. ಎನ್‌ಬಿಸಿಯಲ್ಲಿ, 1956ರ ಸೆಪ್ಟೆಂಬರ್‌ನಿಂದ. ಪ್ರಾಯೋಜಕರು ಜೆರಿಟಾಲ್ ಎಂಬ ಟಾನಿಕ್ ಮಾಡುವವರು. ಮೊದಲ ಕಂತನ್ನು ಪ್ರಾಮಾಣಿಕವಾಗಿಯೇ ನಡೆಸಿದರು. ಸ್ಪರ್ಧಿಗಳು ತಡವರಿಸಿದರು, ಪ್ರಶ್ನೆ ಮೇಲೆ ಪ್ರಶ್ನೆಗೆ ಉತ್ತರ ಬರಲಿಲ್ಲ, ನೋಡಲು ಬಹಳ ಬೇಸರ. ಮರುದಿನ ಪ್ರಾಯೋಜಕರಿಂದ ಫೋನ್ ಬಂತು. ಇನ್ನೊಮ್ಮೆ ಹೀಗಾಗಬಾರದು. ಉತ್ತರ ಹೇಳಿಕೊಡಿ ಎಂದು ಯಾರೂ ಬಾಯಿಬಿಟ್ಟು ಹೇಳಿರಬೇಕಾಗಿಲ್ಲ. ಹೀಗಾಗಬಾರದು ಎಂದರೆ ಸಾಕಿತ್ತು.

ಹರ್ಬರ್ಟ್ ಸ್ಟೆಂಪೆಲ್ ಕ್ವೀನ್ಸ್‌ನವರು, ಸೈನ್ಯದಿಂದ ಬಂದು ಸಿಟಿ ಕಾಲೇಜಿನಲ್ಲಿ ಓದುತ್ತಿದ್ದವರು. ಅಸಾಧಾರಣ ನೆನಪಿನ ಶಕ್ತಿ. ಅವರಿಗೆ ಉತ್ತರದ ಜೊತೆ ನಟನೆಯನ್ನೂ ಹೇಳಿಕೊಟ್ಟರು. ತಲೆಕೂದಲು ತೀರಾ ಗಿಡ್ಡ ಮಾಡಿಸಿದರು, ಅಳತೆಗೆ ಕೂರದ ಹಳೇ ಸೂಟು ಹಾಕಿಸಿದರು. ಸ್ಪರ್ಧಿ ನಿಲ್ಲುವ ಗಾಜಿನ ಗೂಡಿನೊಳಗೆ ಬೆವರು ಒರೆಸಬಾರದು, ಕರವಸ್ತ್ರದಿಂದ ಮೆಲ್ಲಗೆ ಒತ್ತಬೇಕು. ಆರು ವಾರ ದಾಟಿದ ಮೇಲೆ ನೋಡುಗರಿಗೆ ಹೊಸ ಮುಖ ಬೇಕು ಎಂದರು. 1956ರ ಡಿಸೆಂಬರ್ 5ರಂದು ಅವರು ಸೋಲಬೇಕು. ಹಿಂದಿನ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಯಾವುದಕ್ಕೆ ಬಂತು ಎಂಬುದು ಪ್ರಶ್ನೆ. ಉತ್ತರ ‘ಮಾರ್ಟಿ’. ಆ ಸಿನಿಮಾವನ್ನು ಸ್ಟೆಂಪೆಲ್ ಮೂರು ಸಲ ನೋಡಿದ್ದರು. ಅವರಿಗೆ ಪ್ರಾಣದಂಥ ಸಿನಿಮಾ. ಹೇಳಿಕೊಟ್ಟ ಹಾಗೆ ತಪ್ಪು ಉತ್ತರ ಕೊಟ್ಟರು. ಹಣ ಕಳೆದುಕೊಂಡದ್ದಕ್ಕಿಂತ, ಗೊತ್ತಿದ್ದದ್ದನ್ನು ಗೊತ್ತಿಲ್ಲ ಎನ್ನಬೇಕಾಗಿ ಬಂದದ್ದು ಅವರನ್ನು ಜಾಸ್ತಿ ಸುಟ್ಟಿತು ಎಂದು ನನಗನ್ನಿಸುತ್ತದೆ.

ಅವರ ಜಾಗಕ್ಕೆ ಬಂದವರು ಚಾರ್ಲ್ಸ್ ವ್ಯಾನ್ ಡೋರೆನ್. ಕೊಲಂಬಿಯಾ ವಿಶ್ವವಿದ್ಯಾಲಯದ ಇಂಗ್ಲಿಷ್ ಮೇಷ್ಟ್ರು, ತಂದೆ ಪುಲಿಟ್ಜರ್ ಗೆದ್ದ ಕವಿ. ನೋಡಲು ಚೆಂದ, ಮಾತು ಮೃದು. ನೀವು ಗೆದ್ದರೆ ಮೇಷ್ಟ್ರುಗಳಿಗೆ, ವಿದ್ಯೆಗೆ ದೇಶದಲ್ಲಿ ಗೌರವ ಹೆಚ್ಚುತ್ತದೆ ಎಂದು ಅವರನ್ನು ಒಪ್ಪಿಸಿದರು. 1,29,000 ಡಾಲರ್ ಗೆದ್ದರು. 1957ರ ಫೆಬ್ರುವರಿಯಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೆ ಬಂದರು. ಎನ್‌ಬಿಸಿಯಲ್ಲಿ ಕೆಲಸವೂ ಸಿಕ್ಕಿತು.

ಸ್ಟೆಂಪೆಲ್ ಪತ್ರಿಕೆಯವರಿಗೆ ನಿಜ ಹೇಳಿದರು. ಸೋತವನ ಹೊಟ್ಟೆಕಿಚ್ಚು ಎಂದರು ಜನ. ಸಾಕ್ಷ್ಯ ಇಲ್ಲದೆ ಅಚ್ಚುಹಾಕಲು ಪತ್ರಿಕೆಗಳಿಗೆ ಮಾನನಷ್ಟದ ಭಯ. 1958ರ ಆಗಸ್ಟ್‌ನಲ್ಲಿ ‘ಡಾಟೊ’ ಎಂಬ ಇನ್ನೊಂದು ಕ್ವಿಜ್‌ನಲ್ಲಿ ಒಬ್ಬ ಸ್ಪರ್ಧಿಯ ನೋಟ್‌ಬುಕ್ಕಿನಲ್ಲಿ ಉತ್ತರಗಳು ಸಿಕ್ಕವು. ಆಮೇಲೆ ಕಟ್ಟೆ ಒಡೆಯಿತು. ಜೇಮ್ಸ್ ಸ್ನಾಡ್‌ಗ್ರಾಸ್ ಎಂಬ ಸ್ಪರ್ಧಿ ಹೇಳಿಕೊಟ್ಟ ಉತ್ತರಗಳನ್ನು ಬರೆದು ಪ್ರಸಾರಕ್ಕೆ ಮೊದಲೇ ತಮಗೆ ತಾವೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡಿದ್ದರು. ಲಕೋಟೆಯ ಮೇಲಿನ ತಾರೀಕೇ ಸಾಕ್ಷಿ. ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿಯಾದ ನ್ಯೂಯಾರ್ಕಿನ ಗ್ರ್ಯಾಂಡ್ ಜ್ಯೂರಿ ಮುಂದೆ ಸುಮಾರು 150 ಮಂದಿ ಬಂದರು. ಅವರಲ್ಲಿ ನೂರರಷ್ಟು ಮಂದಿ ಸುಳ್ಳು ಹೇಳಿದರು ಎಂಬುದು ವಿಚಾರಣೆ ನಡೆಸಿದ ವಕೀಲರ ಅಂದಾಜು. 1959ರ ನವೆಂಬರ್ 2ರಂದು ವ್ಯಾನ್ ಡೋರೆನ್ ಸಂಸತ್ತಿನ ಉಪಸಮಿತಿ ಮುಂದೆ ಎಲ್ಲವನ್ನೂ ಒಪ್ಪಿಕೊಂಡರು. ಕೊಲಂಬಿಯಾದ ಕೆಲಸ ಹೋಯಿತು.

ಇಷ್ಟಾದರೂ ಕ್ವಿಜ್‌ನಲ್ಲಿ ಉತ್ತರ ಹೇಳಿಕೊಡುವುದು ಆಗ ಅಪರಾಧವೇ ಆಗಿರಲಿಲ್ಲ. ಅಂಥ ಕಾನೂನು ಬಂದದ್ದು 1960ರಲ್ಲಿ. ವ್ಯಾನ್ ಡೋರೆನ್ ಮತ್ತು ಇನ್ನು ಕೆಲವು ಸ್ಪರ್ಧಿಗಳಿಗೆ ಶಿಕ್ಷೆಯಾದದ್ದು ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ, ಅದೂ ಜೈಲಿಗೆ ಹೋಗದ ಶಿಕ್ಷೆ. ನಾಚಿಕೆಯ ಹೊರೆ ಹೊತ್ತವರು ಹೆಚ್ಚಾಗಿ ಗಾಜಿನ ಗೂಡಿನೊಳಗೆ ನಿಂತವರು.

ಟಿವಿ ಕಂಪನಿಗಳು ಈ ಗಲಾಟೆಯನ್ನು ನೆಪ ಮಾಡಿಕೊಂಡು ಕಾರ್ಯಕ್ರಮಗಳ ಹಿಡಿತ ತಮ್ಮ ಕೈಗೆ ತೆಗೆದುಕೊಂಡವು. ಖರ್ಚು ಏರಿದ್ದರಿಂದ ಒಬ್ಬನೇ ಪ್ರಾಯೋಜಕ ಪೂರ್ತಿ ಕಾರ್ಯಕ್ರಮ ನಡೆಸುವುದು ಹೇಗೂ ಕಷ್ಟವಾಗುತ್ತಿತ್ತು. ನಿಮಿಷದ ಲೆಕ್ಕದಲ್ಲಿ ಹಲವರಿಗೆ ಮಾರುವ ಪದ್ಧತಿಯನ್ನು ಎನ್‌ಬಿಸಿಯ ಪ್ಯಾಟ್ ವೀವರ್ ಮೊದಲೇ ತೋರಿಸಿಕೊಟ್ಟಿದ್ದರು. ಮನೆಯ ಯಜಮಾನನಾಗಿದ್ದ ಪ್ರಾಯೋಜಕ ಬಾಡಿಗೆದಾರನಾದ. 1963ರಲ್ಲಿ ಸುದ್ದಿ ಅರ್ಧ ಗಂಟೆಗೆ ಬೆಳೆಯಿತು. 1971ರಲ್ಲಿ ಸಿಗರೇಟು ಜಾಹೀರಾತು ಟಿವಿಯಿಂದ ಹೊರಬಿತ್ತು. ಆದರೆ ಪ್ರಾಯೋಜಕರ ಫೋನಿನ ಜಾಗಕ್ಕೆ ಎಷ್ಟು ಜನ ನೋಡಿದರು ಎಂದು ಅಳೆಯುವ ನೀಲ್ಸನ್ ಕಂಪನಿಯ ರೇಟಿಂಗ್ ಬಂದಿತ್ತು. 1961ರಲ್ಲೇ ಪ್ರಸಾರ ಆಯೋಗದ ಅಧ್ಯಕ್ಷ ನ್ಯೂಟನ್ ಮಿನೋ ಟಿವಿಯನ್ನು ವಿಶಾಲ ಬಂಜರು ಎಂದು ಕರೆದರು. ದೊಡ್ಡ ಮೊತ್ತದ ಕ್ವಿಜ್ ಅಲ್ಲಿ ಮತ್ತೆ ಜನಪ್ರಿಯವಾಗಲು 1999 ಬರಬೇಕಾಯಿತು. ಬ್ರಿಟನ್ನಿನಲ್ಲಿ ಹುಟ್ಟಿದ ಆ ಆಟವೇ 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಜೊತೆ ‘ಕನ್ನಡದ ಕೋಟ್ಯಧಿಪತಿ’ಯಾಗಿ ನಮ್ಮ ಮನೆಗಳಿಗೂ ಬಂತು.

ನಡುವೆ ಒಂದು ವಾರಾಂತ್ಯ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. 1963ರ ನವೆಂಬರ್ 22, ಶುಕ್ರವಾರ ಮಧ್ಯಾಹ್ನ. ಸಿಬಿಎಸ್‌ನಲ್ಲಿ ಸೋಪು ಕಂಪನಿಯ ಧಾರಾವಾಹಿ ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ ನೇರ ಪ್ರಸಾರವಾಗುತ್ತಿತ್ತು. ನಟಿ ಹೆಲೆನ್ ವ್ಯಾಗ್ನರ್ ಅವರ ಮಾತಿನ ನಡುವೆ ಚಿತ್ರ ಹೋಗಿ ಸುದ್ದಿ ಓದುವ ವಾಲ್ಟರ್ ಕ್ರಾಂಕೈಟ್ ಅವರ ಧ್ವನಿ ಬಂತು. ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿಯವರಿಗೆ ಗುಂಡೇಟು. ಕ್ಯಾಮೆರಾ ಇನ್ನೂ ಸಿದ್ಧವಾಗಿರಲಿಲ್ಲ, ಧ್ವನಿ ಮಾತ್ರ. ಸ್ಟುಡಿಯೊದಲ್ಲಿದ್ದ ನಟರಿಗೆ ಏನೂ ಗೊತ್ತಿಲ್ಲ, ಅವರು ಕತೆ ಮುಂದುವರಿಸುತ್ತಲೇ ಇದ್ದರು. ಬುಲೆಟಿನ್ ಮುಗಿದ ಮೇಲೆ ಜಾಹೀರಾತು ಬಂತು, ಮತ್ತೆ ಧಾರಾವಾಹಿ ಬಂತು. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ನಿಂತವು. ಸೋಮವಾರ ಅಂತ್ಯಕ್ರಿಯೆ ಮುಗಿಯುವವರೆಗೆ ಮೂರೂ ಟಿವಿ ಕಂಪನಿಗಳು ಒಂದೇ ಒಂದು ಜಾಹೀರಾತು ತೋರಿಸಲಿಲ್ಲ. ಮಂಗಳವಾರ ಬೆಳಗ್ಗೆ ಸೋಪು, ಸಿಗರೇಟು, ಟಾನಿಕ್ ಎಲ್ಲವೂ ಮರಳಿ ಬಂದವು.